ಹನ್ನೊಂದು ವರ್ಷ ‘ಗ್ಯಾಸ್ಟ್ರಿಕ್’ ಅಂದುಕೊಂಡಿದ್ದೆ

ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಿತ್ತು. ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ, ಹಸಿಮೆಣಸಿನಕಾಯಿ ಅರೆದು ಒಳಗೆ ಹಚ್ಚಿದ ಹಾಗೆ ಉರಿ. ಎದ್ದು ಎರಡು ಬಿಸ್ಕೆಟ್ ತಿಂದು ಅರ್ಧ ಲೋಟ ಹಾಲು ಕುಡಿದರೆ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಿತ್ತು. ಆಮೇಲೆ ದಿಂಬಿನ ಪಕ್ಕದಲ್ಲೇ ಬಿಸ್ಕೆಟ್ ಡಬ್ಬಿ ಇಟ್ಟುಕೊಳ್ಳಲು ಶುರು ಮಾಡಿದೆ. ಹನ್ನೊಂದು ವರ್ಷ ಆ ಡಬ್ಬಿ ಅಲ್ಲೇ ಇತ್ತು.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೊಟ್ಟೆ ಉರಿ ಅಂತ ಹೇಳಿದಾಗಲೆಲ್ಲ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು, ಗ್ಯಾಸ್ಟ್ರಿಕ್. ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಕಾರಣವೂ ಸಿದ್ಧವಾಗಿಯೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ, ಖಾರ ಜಾಸ್ತಿ, ಟೆನ್ಷನ್ ಜಾಸ್ತಿ. ನಾನೂ ಅದನ್ನೇ ನಂಬಿದೆ. ಮಂಡಕ್ಕಿ ಮೆಣಸಿನಕಾಯಿ ಬಿಟ್ಟೆ. ಈ ಊರಲ್ಲಿ ಇದ್ದುಕೊಂಡು ಅದನ್ನು ಬಿಡುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೇ ಗೊತ್ತು. ಜೀರಿಗೆ ಕಷಾಯ, ಓಮದ ನೀರು, ಸೋಡಾ, ಆಮೇಲೆ ಬೆಳಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ತಗ್ಗಿಸುವ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ. ಮಾತ್ರೆ ನುಂಗಿದಷ್ಟು ದಿನ ಚೆನ್ನಾಗಿರುತ್ತಿತ್ತು. ನಿಲ್ಲಿಸಿ ಹತ್ತು ದಿನಕ್ಕೆ ಮತ್ತೆ ಎರಡು ಗಂಟೆಯ ಎಚ್ಚರ.

ಇದರ ಜೊತೆಗೆ ಸುಸ್ತು. ಎರಡನೇ ಮಹಡಿಯ ತರಗತಿಗೆ ಹತ್ತಿದರೆ ಬಾಗಿಲ ಬಳಿ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9ರ ಮೇಲೆ ಏರುತ್ತಲೇ ಇರಲಿಲ್ಲ. ಹೆಂಗಸರಿಗೆ 12 ಇರಬೇಕು. ‘ಹೆಂಗಸರಲ್ಲಿ ರಕ್ತ ಕಮ್ಮಿ ಇರೋದು ಕಾಮನ್ ಅಮ್ಮ’ ಎಂದು ಒಂದು ಕ್ಲಿನಿಕ್‌ನಲ್ಲಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನುಗ್ಗೆಸೊಪ್ಪು, ರಾಗಿ, ಖರ್ಜೂರ ಎಲ್ಲ ತಿಂದೆ. ಯಾಕೆ ಏರುತ್ತಿಲ್ಲ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಟ್ಟೆ ಉರಿಗೂ ರಕ್ತ ಕಮ್ಮಿ ಇರುವುದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ.

2023ರ ಜನವರಿ. ಎಸ್‌ಎಸ್‌ಎಲ್‌ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ದಿನಗಳು. ಕುತ್ತಿಗೆ ನೋವಿಗೆ ಅಂತ ಮೆಡಿಕಲ್ ಸ್ಟೋರ್‌ನಿಂದ ಡೈಕ್ಲೋಫೆನಾಕ್ ತಂದು ವಾರಪೂರ್ತಿ ನುಂಗಿದ್ದೆ. ಮಲ ಕಪ್ಪಗೆ ಹೋಗತೊಡಗಿತು. ಕಬ್ಬಿಣದ ಮಾತ್ರೆ ತಿಂದರೆ ಕಪ್ಪಗೇ ಹೋಗುತ್ತದಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ಇದು ರಸ್ತೆಗೆ ಹಾಕುವ ಟಾರಿನ ಹಾಗೆ ಅಂಟಂಟಾಗಿತ್ತು, ಕೆಟ್ಟ ವಾಸನೆ ಬೇರೆ. ಮೂರನೇ ದಿನ ಬೋರ್ಡ್ ಮೇಲೆ ಪ್ರಮೇಯ ಬರೆಯುತ್ತಿದ್ದವಳು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಕುಸಿದೆ. ಮುಂದಿನ ಬೆಂಚಿನ ಹುಡುಗಿಯರು ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 7.6. ಡಾಕ್ಟರ್ ಮೊದಲು ಕೇಳಿದ್ದೇ ಮಲದ ಬಣ್ಣ. ಎರಡನೆಯದು, ನೋವಿನ ಮಾತ್ರೆ ತೆಗೆದುಕೊಂಡಿದ್ದೀರಾ? ಮೂರನೆಯದು, ರಾತ್ರಿ ನೋವು ಬಂದು ತಿಂದ ಮೇಲೆ ಕಮ್ಮಿ ಆಗುತ್ತಿತ್ತಾ? ಬಿಸ್ಕೆಟ್ ಡಬ್ಬಿಯ ಕಥೆ ಹೇಳಿದೆ. ಅವರು ತಲೆ ಆಡಿಸಿ, ನಾಳೆ ಬೆಳಗ್ಗೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಇಳಿಸಿ ಹೊಟ್ಟೆಯೊಳಗೆ ನೋಡುವುದು ಎಂದರು.

ಎಂಡೋಸ್ಕೋಪಿ ಬಗ್ಗೆ ಹೆದರಿಸುವವರೇ ಜಾಸ್ತಿ, ಹಾಗಾಗಿ ನನಗೆ ಆದದ್ದನ್ನು ಹಾಗೇ ಹೇಳುತ್ತೇನೆ. ರಾತ್ರಿ ಊಟದ ಮೇಲೆ ಏನೂ ತಿನ್ನುವಂತಿಲ್ಲ. ಗಂಟಲಿಗೆ ಕಹಿಯಾದ ಸ್ಪ್ರೇ ಹೊಡೆದರು. ನಾಲಿಗೆಯ ಹಿಂಭಾಗ ದಪ್ಪವಾದ ಹಾಗೆ, ಉಗುಳು ನುಂಗಲೂ ಆಗದ ಹಾಗೆ ಅನಿಸಿತು. ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಉಂಗುರ ಇಟ್ಟರು. ಪೈಪು ಗಂಟಲು ದಾಟುವ ಆ ಹತ್ತು ಸೆಕೆಂಡು ಕಷ್ಟ. ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ನರ್ಸ್ ಹೆಗಲ ಮೇಲೆ ಕೈ ಇಟ್ಟುಕೊಂಡೇ ಇದ್ದರು. ‘ಮೂಗಿನಿಂದ ಉಸಿರಾಡಿ, ನುಂಗೋಕೆ ಹೋಗಬೇಡಿ’ ಅಂತ ಹೇಳುತ್ತಲೇ ಇದ್ದರು. ಆಮೇಲೆ ನೋವಿಲ್ಲ. ಹೊಟ್ಟೆಗೆ ಗಾಳಿ ತುಂಬಿದ ಹಾಗೆ ಅನಿಸುತ್ತದೆ, ಅಷ್ಟೆ. ಏಳೆಂಟು ನಿಮಿಷಕ್ಕೆ ಮುಗಿಯಿತು.

ಹೊಟ್ಟೆ ಮುಗಿದು ಸಣ್ಣಕರುಳು ಶುರುವಾಗುವ ಜಾಗದಲ್ಲಿ ಹುಣ್ಣು. ಸುತ್ತ ಕೆಂಪು, ನಡುವೆ ಬೆಳ್ಳಗೆ. ಫೋಟೋದಲ್ಲಿ ನೋಡಿದಾಗ, ಇಷ್ಟು ಸಣ್ಣದು ನನ್ನನ್ನು ಕೆಡವಿತಾ ಅನಿಸಿತು. ಹೊಟ್ಟೆಯ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದಿದ್ದರು. ಒಂದನ್ನು ಹಳದಿ ಜೆಲ್ ಇರುವ ಪುಟ್ಟ ಪಟ್ಟಿಯೊಳಗೆ ಹಾಕಿದರು. ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಅಂತ ಅರ್ಥ.

ಆ ಬಣ್ಣದ ಹಿಂದಿನ ಕೆಲಸ ನನಗೆ ತುಂಬಾ ಹಿಡಿಸಿತು. ಹೊಟ್ಟೆಯೊಳಗಿನ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುವುದು ಸುಲಭವಲ್ಲ. ಸುರುಳಿಯಾಕಾರದ ಈ ಜೀವಿಯ ಹತ್ತಿರ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಕ್ಷಾರ, ಹಾಗಾಗಿ ತನ್ನ ಸುತ್ತ ಆಸಿಡ್‌ನ ಜೋರು ಇಳಿಯುತ್ತದೆ. ಅಷ್ಟರಲ್ಲಿ ಇದು ಬಾಲ ಬೀಸುತ್ತಾ ಲೋಳೆಯ ಪದರದೊಳಗೆ ತೂರಿಕೊಂಡು ಮನೆ ಮಾಡುತ್ತದೆ. ಜೆಲ್‌ನಲ್ಲಿ ಯೂರಿಯಾ ಇಟ್ಟಿರುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅಲ್ಲೂ ಅದೇ ಕೆಲಸ ನಡೆದು ಬಣ್ಣ ಬದಲಾಗುತ್ತದೆ.

ನನ್ನ ಪಟ್ಟಿ ಹಳದಿಯಾಗೇ ಉಳಿಯಿತು. ಸದ್ಯ ಅಂದುಕೊಂಡೆ. ಡಾಕ್ಟರ್ ಮಾತ್ರ, ‘ಇದನ್ನು ನಂಬಬೇಡಿ. ನೀವು ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದೀರಿ, ಹುಣ್ಣಿನಿಂದ ರಕ್ತವೂ ಹೋಗಿದೆ. ಎರಡೂ ಸೇರಿದರೆ ಈ ಟೆಸ್ಟ್ ತಪ್ಪು ಹೇಳುವುದುಂಟು’ ಎಂದರು. ಉಳಿದ ಚೂರುಗಳನ್ನು ಪೆಥಾಲಜಿಗೆ ಕಳಿಸಿದರು. ಐದು ದಿನಕ್ಕೆ ರಿಪೋರ್ಟ್ ಬಂತು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಂಡಿತ್ತು.

ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಅದಕ್ಕೂ ಎರಡು ವರ್ಷ ಮೊದಲು ಬೇರೆ ಒಂದು ಕಡೆ ನನಗೆ ಮಲದ ಪರೀಕ್ಷೆ ಮಾಡಿ ‘ಬ್ಯಾಕ್ಟೀರಿಯಾ ಇಲ್ಲ’ ಎಂದು ಕಳಿಸಿದ್ದರು. ಆಗಲೂ ದಿನಾ ಬೆಳಗ್ಗೆ ಅದೇ ಮಾತ್ರೆ ನುಂಗುತ್ತಿದ್ದೆ. ಆಸಿಡ್ ತಗ್ಗಿಸುವ ಈ ಮಾತ್ರೆಗಳನ್ನು ಪರೀಕ್ಷೆಗೆ ಎರಡು ವಾರ ಮೊದಲು ನಿಲ್ಲಿಸಬೇಕು, ಆಂಟಿಬಯೋಟಿಕ್ ಆದರೆ ನಾಲ್ಕು ವಾರ. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಎರಡು ವರ್ಷ ಮೊದಲೇ ಗೊತ್ತಾಗುತ್ತಿತ್ತೇನೋ.

ರಕ್ತ ಯಾಕೆ ಏರುತ್ತಿರಲಿಲ್ಲ ಎನ್ನುವುದಕ್ಕೂ ಅಂದು ಉತ್ತರ ಸಿಕ್ಕಿತು. ಹುಣ್ಣಿನಿಂದ ಸ್ವಲ್ಪ ಸ್ವಲ್ಪ ರಕ್ತ ಸೋರಿರಬಹುದು. ಅದಲ್ಲದೆ ಈ ಸೋಂಕು ಹೊಟ್ಟೆಯ ಒಳಪದರವನ್ನು ಹಾಳು ಮಾಡಿದರೆ ತಿಂದ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನುಗ್ಗೆಸೊಪ್ಪಿನ ತಪ್ಪು ಏನೂ ಇರಲಿಲ್ಲ.

ಹಾಸಿಗೆಯಲ್ಲಿದ್ದಾಗ ನಾನು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯೇ. ನನಗೇ ಯಾಕೆ ಬಂತು? ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ‘ಮೇಡಂ, ನಿಮಗೆ ಬಂದಿರುವುದು ಆಶ್ಚರ್ಯ ಅಲ್ಲ. ಬರದೇ ಇರುವವರೇ ನಮ್ಮಲ್ಲಿ ಕಮ್ಮಿ’ ಎಂದರು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿ ಇದು ಇತ್ತು. ಸ್ವಿಟ್ಜರ್ಲೆಂಡಿನಲ್ಲಿ 100ಕ್ಕೆ 19 ಜನರಲ್ಲಿ, ನೈಜೀರಿಯಾದಲ್ಲಿ 88ರ ಹತ್ತಿರ. ನಮ್ಮ ದೇಶದಲ್ಲಿ 60ರ ಆಚೆ. ನಾನು ಮನಸ್ಸಲ್ಲೇ ನಮ್ಮ ಸ್ಟಾಫ್ ರೂಮಿನ ಹದಿನೆಂಟು ಜನರನ್ನು ಎಣಿಸಿದೆ. ಹತ್ತು ಹನ್ನೊಂದು ಜನ. ನಗುತ್ತಾ ಚಹಾ ಕುಡಿಯುವ, ಬಿಸಿ ಬಜ್ಜಿ ತಿನ್ನುವ ಹತ್ತು ಹನ್ನೊಂದು ಜನ.

ಅವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಇದು ಗೊತ್ತೇ ಆಗುವುದಿಲ್ಲ. ಸೋಂಕು ಇರುವ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಹುಣ್ಣು ಆಗುವುದು 100ರಲ್ಲಿ ಸುಮಾರು 10 ಜನರಿಗೆ. ಇನ್ನೂ ಕೆಲವೇ ಜನರಿಗೆ ಹೊಟ್ಟೆಯ ಕ್ಯಾನ್ಸರ್. ಆ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆಯಂತೆ. ಆದರೆ ನಮ್ಮ ದೇಶದಲ್ಲಿ ಸೋಂಕು ಇಷ್ಟಿದ್ದರೂ ಹೊಟ್ಟೆ ಕ್ಯಾನ್ಸರ್ ಜಪಾನ್, ಕೊರಿಯಾದಷ್ಟು ಇಲ್ಲ. ಮಿಜೋರಾಂನಲ್ಲಿ ಮಾತ್ರ ತುಂಬಾ ಜಾಸ್ತಿ. ಬ್ಯಾಕ್ಟೀರಿಯಾದ ತಳಿ, ನಮ್ಮ ಮೈಗುಣ, ಉಪ್ಪು ಮತ್ತು ಹೊಗೆಯಲ್ಲಿ ಒಣಗಿಸಿದ ಆಹಾರ, ತಂಬಾಕು ಎಲ್ಲ ಸೇರಿ ಯಾರಿಗೆ ಏನಾಗುತ್ತದೆ ಎನ್ನುವುದು ತೀರ್ಮಾನವಾಗುತ್ತದೆ. ನನ್ನ ವಿಷಯದಲ್ಲಿ ಬ್ಯಾಕ್ಟೀರಿಯಾದ ಜೊತೆ ನೋವಿನ ಮಾತ್ರೆ ಸೇರಿಕೊಂಡಿತು. ಎರಡೂ ಒಂದೊಂದೇ ಹುಣ್ಣು ಮಾಡಬಲ್ಲವು. ಜೊತೆಯಾದರೆ ಇನ್ನೂ ಅಪಾಯ.

ಖಾರ, ಟೆನ್ಷನ್ ಎನ್ನುವ ನಂಬಿಕೆ ಬರೀ ನಮ್ಮದಲ್ಲ, ಒಂದು ಕಾಲದಲ್ಲಿ ಡಾಕ್ಟರುಗಳದ್ದೂ ಅದೇ ಆಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ಡಾಕ್ಟರುಗಳು ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಮತ್ತೆ ಮತ್ತೆ ನೋಡಿ ಸೋತಿದ್ದರು. ಎರಡು ದಿನಕ್ಕೆ ಏನೂ ಕಾಣದಿದ್ದರೆ ಬೆಳೆಸಲು ಇಟ್ಟ ತಟ್ಟೆ ಎಸೆಯುವುದು ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಆದರೂ ಹುಣ್ಣಿಗೆ ಇದು ಕಾರಣ ಅಂತ ಜನ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ತಾನೇ ಆ ಬ್ಯಾಕ್ಟೀರಿಯಾ ಕುಡಿದ. ಕೆಲವೇ ದಿನಕ್ಕೆ ವಾಂತಿ, ಹೊಟ್ಟೆಯ ಒಳಪದರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿ ಇದನ್ನು ಓದುತ್ತಿದ್ದಾಗ ಆ ಮನುಷ್ಯನ ಮೇಲೆ ತುಂಬಾ ಗೌರವ ಬಂತು. ನನಗೆ ಬರೆದುಕೊಟ್ಟ ಹದಿನಾಲ್ಕು ದಿನದ ಔಷಧದ ಹಿಂದೆ ಆ ಒಂದು ಲೋಟ ಇದೆ.

ಹಾಗಾದರೆ ಬಂದದ್ದು ಎಲ್ಲಿಂದ? ‘ಚಿಕ್ಕವರಿದ್ದಾಗ ಮನೆಯಲ್ಲಿ ಎಷ್ಟು ಜನ ಇದ್ರಿ?’ ಎಂದು ಡಾಕ್ಟರ್ ಕೇಳಿದರು.

ಹನ್ನೊಂದು ಜನ. ಹೊಸದುರ್ಗದ ಹತ್ತಿರದ ಹಳ್ಳಿ. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅವ್ವ, ನಾವು ಐದು ಮಕ್ಕಳು. ಎರಡು ಕೋಣೆ, ಒಂದು ನಡುಮನೆ. ಐದೂ ಜನ ಒಂದೇ ಚಾಪೆ, ಎರಡು ಕಂಬಳಿ. ಬೇಸಿಗೆಯಲ್ಲಿ ಬಾವಿಯ ತಳದ ನೀರು. ಶೌಚಾಲಯ ಇರಲಿಲ್ಲ. ಕೈ ತೊಳೆಯಲು ಬೂದಿ, ಅದೂ ನೀರು ಇದ್ದ ದಿನ. ಅಜ್ಜಿ ರಾಗಿ ರೊಟ್ಟಿಯನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಹಲ್ಲು ಬರದ ನನ್ನ ತಮ್ಮನ ಬಾಯಿಗೆ ಇಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನನ್ನೂ ಹಾಗೇ ಸಾಕಿದ್ದಳು.

ಡಾಕ್ಟರ್ ಹೇಳಿದ ಅಪಾಯದ ಅಂಶಗಳು ಒಂದೊಂದೂ ನಮ್ಮ ಮನೆಯಲ್ಲೇ ಇದ್ದವು. ಸಾಮಾನ್ಯವಾಗಿ ಇದು ಹತ್ತು ವರ್ಷದ ಒಳಗೇ ಸೇರಿಕೊಳ್ಳುತ್ತದೆ. ಮನೆಯವರಿಂದಲೇ ಬರುವುದು ಜಾಸ್ತಿ. ಎಂಜಲು, ವಾಂತಿ, ಮಲ ಅಂಟಿದ ಕೈ ಇವೇ ದಾರಿ. ಇಕ್ಕಟ್ಟಿನ ಮನೆ, ಒಂದೇ ಹಾಸಿಗೆ, ಶುದ್ಧ ನೀರಿಲ್ಲದಿರುವುದು, ಶೌಚಾಲಯ ಇಲ್ಲದಿರುವುದು, ಬಡತನ. ಒಮ್ಮೆ ಸೇರಿದರೆ ಔಷಧ ಕೊಡದೆ ಹೋಗುವುದು ಅಪರೂಪ. ಮೂವತ್ತು ನಲವತ್ತು ವರ್ಷ ಹಾಗೇ ಇರುತ್ತದೆ.

ಮನುಷ್ಯರ ಜೊತೆ ಇದು ಕನಿಷ್ಠ 58 ಸಾವಿರ ವರ್ಷದಿಂದ ಇದೆಯಂತೆ. ಆಲ್ಪ್ಸ್ ಹಿಮದಲ್ಲಿ ಸಿಕ್ಕ 5,300 ವರ್ಷ ಹಳೆಯ ಮನುಷ್ಯನ ಹೊಟ್ಟೆಯಲ್ಲೂ ಸಿಕ್ಕಿತು. ಆಶ್ಚರ್ಯ ಅಂದರೆ ಅದು ಈಗಿನ ಯುರೋಪಿನ ತಳಿಗಿಂತ ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿ ಸಿಗುವ ತಳಿಗೆ ಹತ್ತಿರ.

ಇದನ್ನೆಲ್ಲ ನಾನು ಅವ್ವನಿಗೆ ಹೇಳಬಾರದಿತ್ತು. ಹೇಳುವ ರೀತಿಯಲ್ಲಿ ಹೇಳಲಿಲ್ಲ ಎನ್ನುವುದು ಸರಿ. ನನ್ನನ್ನು ನೋಡಿಕೊಳ್ಳಲು ಬಂದಿದ್ದಳು. ಚಿಕ್ಕಂದಿನಲ್ಲಿ ಮನೆಯವರಿಂದ ಬಂದಿದ್ದಂತೆ ಅಂದುಬಿಟ್ಟೆ. ಅವಳು ಏನೂ ಮಾತಾಡಲಿಲ್ಲ. ಮಾರನೇ ದಿನ ನೋಡಿದರೆ ತನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡಿದ್ದಾಳೆ. ಸಾರಿನ ಉಪ್ಪು ನೋಡುತ್ತಿಲ್ಲ. ಮೊಮ್ಮಗಳು ಮಡಿಲಿಗೆ ಬಂದರೆ ಮುಖ ಆಚೆ ತಿರುಗಿಸುತ್ತಾಳೆ. ರಾತ್ರಿ ಅಡುಗೆಮನೆಯಲ್ಲಿ ಕೂತು ಅತ್ತಳು. ‘ಒಂದು ಸೀರೆ ಕಮ್ಮಿ ಉಟ್ಟಾದ್ರೂ ಸೋಪು ತರಿಸಬೇಕಿತ್ತು’ ಎಂದಳು. ಅವಳ ಹತ್ತಿರ ಇದ್ದದ್ದೇ ಮೂರು ಸೀರೆ.

ಅಪಾಯದ ಅಂಶ ಎಂದರೆ ತಪ್ಪು ಎಂದು ಅರ್ಥವಲ್ಲ. ಆ ಮಾತು ನಮ್ಮ ಭಾಷೆಗೆ ಬರುವಾಗ ಯಾಕೋ ತಪ್ಪಿತಸ್ಥರನ್ನು ಹುಡುಕುವ ಮಾತಾಗಿಬಿಡುತ್ತದೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು, ಎಂಜಲು ಮಾಡಬಾರದು ಅಂತ ನಮಗೆ ಕಲಿಸಿದ್ದೇ ಅವಳು. ಕೊಡ ಹೊತ್ತು ನೀರು ತಂದದ್ದೂ ಅವಳೇ. ಊರಿಗೆ ನಲ್ಲಿ ಬರದಿದ್ದಕ್ಕೆ, ಶೌಚಾಲಯ ಇಲ್ಲದ್ದಕ್ಕೆ ಅವಳು ಹೇಗೆ ಹೊಣೆ? ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿದೆ. ಅದೇ ಚಾಪೆಯಲ್ಲಿ ನನ್ನ ಪಕ್ಕ ಮಲಗಿದವಳು. ಅವಳಿಗೂ ಮೂರು ವರ್ಷದ ಹಿಂದೆ ಸಿಕ್ಕಿತ್ತಂತೆ. ಹುಟ್ಟಿ ಬೆಳೆದದ್ದು ಭಾರತದಲ್ಲಿ ಅಂದ ಕೂಡಲೇ ಅಲ್ಲಿಯ ಡಾಕ್ಟರ್ ಟೆಸ್ಟ್ ಬರೆದರಂತೆ. ಮಕ್ಕಳಿಗೂ ಮಾಡಿಸಲಾ ಎಂದು ಕೇಳಿದ್ದಕ್ಕೆ, ಲಕ್ಷಣ ಇಲ್ಲದ ಮಕ್ಕಳಿಗೆ ಬೇಡ ಎಂದರಂತೆ. ಸ್ಪೀಕರ್ ಹಾಕಿ ಅವ್ವನಿಗೂ ಕೇಳಿಸಿದೆ. ಮೊದಲ ಬಾರಿ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಇನ್ನು ಔಷಧ. ಪೆನಿಸಿಲಿನ್ ಅಲರ್ಜಿ ಇದೆಯಾ ಎಂದು ಕೇಳಿ, ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಎಂಬ ಎರಡು ಆಂಟಿಬಯೋಟಿಕ್, ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ ದಿನಕ್ಕೆ ಎರಡು ಸಲ, 14 ದಿನ ಎಂದರು. ಎರಡನೇ ದಿನದಿಂದ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ ರುಚಿ. ಐದನೇ ದಿನ ಭೇದಿ. ಆದರೆ ರಾತ್ರಿ ಉರಿ ಪೂರ್ತಿ ನಿಂತಿತ್ತು. ಒಂಬತ್ತನೇ ದಿನ ಪರೀಕ್ಷೆಯ ಕೆಲಸ ಇತ್ತು, ಭೇದಿ ಇಟ್ಟುಕೊಂಡು ಹೋಗುವುದು ಹೇಗೆ ಅಂತ ಮಾತ್ರೆ ನಿಲ್ಲಿಸಿದೆ. ಹೊಟ್ಟೆ ಹೇಗೂ ಚೆನ್ನಾಗಿದೆಯಲ್ಲ ಅಂದುಕೊಂಡೆ.

ಅದು ದೊಡ್ಡ ತಪ್ಪು. ಎರಡು ತಿಂಗಳ ಮೇಲೆ, ಈ ಸಲ ಮಾತ್ರೆಗಳನ್ನು ಸರಿಯಾಗಿ ನಿಲ್ಲಿಸಿ, ಮಲದ ಆಂಟಿಜೆನ್ ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಅರ್ಧಕ್ಕೆ ಬಿಟ್ಟ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗೆ ಪಾಠ ಕಲಿಸುವ ಬದಲು ಅದನ್ನು ಗಟ್ಟಿ ಮಾಡಬಹುದು. ಒಮ್ಮೆ ಸೋತ ಕ್ಲಾರಿಥ್ರೊಮೈಸಿನ್ ಅನ್ನು ಮತ್ತೆ ಕೊಡುವುದಿಲ್ಲ. ಪೂರ್ತಿ ತೆಗೆದುಕೊಂಡವರಲ್ಲೂ ಕೆಲವರಿಗೆ ಮೊದಲ ಸಲ ಹೋಗುವುದಿಲ್ಲ, ಆದರೆ ನಾನು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಎರಡನೇ ಸುತ್ತು ನಾಲ್ಕು ಔಷಧದ್ದು. ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಆಸಿಡ್ ತಗ್ಗಿಸುವ ಮಾತ್ರೆ. ಟೆಟ್ರಾಸೈಕ್ಲಿನ್‌ಗೆ ಆರು ಮೆಡಿಕಲ್ ಸ್ಟೋರ್ ಸುತ್ತಿದೆ. ಹಾಲು ಮೊಸರಿನ ಜೊತೆ ಅದನ್ನು ನುಂಗಬಾರದು. ಬಿಸ್ಮತ್‌ನಿಂದ ನಾಲಿಗೆ, ಮಲ ಎರಡೂ ಕಪ್ಪಾಗುತ್ತವೆ. ಮೊದಲೇ ಹೇಳಿರದಿದ್ದರೆ ಆ ಬಣ್ಣ ನೋಡಿ ನನ್ನ ಜೀವವೇ ಹೋಗುತ್ತಿತ್ತು. ದಿನಕ್ಕೆ ನಾಲ್ಕು ಹೊತ್ತು, ಹದಿನಾಲ್ಕು ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ಚೌಕದಲ್ಲೂ ನಾಲ್ಕು ಚುಕ್ಕಿ ಇಟ್ಟು, ನುಂಗಿದ ಮೇಲೆ ಮಗಳ ಕೈಯಲ್ಲಿ ಒಂದೊಂದೇ ಅಳಿಸುತ್ತಿದ್ದೆ. ಹತ್ತನೇ ದಿನ ವಾಂತಿ ಬಂದಾಗ ಈ ಸಲ ನಿಲ್ಲಿಸಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆ. ಊಟ ಮಾಡುತ್ತಾ ನಡುವೆ ನುಂಗಿ ಎಂದರು. ಸರಿಹೋಯಿತು.

ಔಷಧ ಮುಗಿದು ಆರು ವಾರದ ಮೇಲೆ ಮತ್ತೆ ಪರೀಕ್ಷೆ. ಕನಿಷ್ಠ ನಾಲ್ಕು ವಾರ ಕಾಯಲೇಬೇಕು, ಇಲ್ಲದಿದ್ದರೆ ಅಡಗಿ ಕೂತದ್ದು ಕಾಣುವುದಿಲ್ಲ. ರಕ್ತದ ಆಂಟಿಬಾಡಿ ಟೆಸ್ಟ್ ಇದಕ್ಕೆ ಆಗುವುದಿಲ್ಲ, ವಾಸಿಯಾದ ಮೇಲೂ ಅದು ಬಹಳ ದಿನ ಪಾಸಿಟಿವ್ ಎಂದೇ ತೋರಿಸಬಹುದು. ಫಲಿತಾಂಶ ನೆಗೆಟಿವ್ ಬಂತು. ಅಕ್ಟೋಬರ್‌ನಲ್ಲಿ ಹಿಮೋಗ್ಲೋಬಿನ್ 12.1. ಎರಡನೇ ಮಹಡಿಗೆ ನಿಲ್ಲದೆ ಹತ್ತಿದ ದಿನ ಮೆಟ್ಟಿಲ ಮೇಲೆ ತಿರುಗಿ ಕೆಳಗೆ ನೋಡಿದೆ. ಮಂಡಕ್ಕಿ ಮೆಣಸಿನಕಾಯಿಯನ್ನೂ ತಿಂದೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೆಸ್ಟ್ ಮಾಡಿಸಬೇಕಾ ಎಂದು ಕೇಳಿದರು. ಡಾಕ್ಟರ್ ನನಗೆ ಹೇಳಿದ್ದನ್ನೇ ಹೇಳಿದೆ. ಎಲ್ಲರಿಗೂ ಬೇಡ. ಹುಣ್ಣು ಇದ್ದವರು, ಕಾರಣ ಗೊತ್ತಿಲ್ಲದೆ ರಕ್ತ ಕಮ್ಮಿ ಇರುವವರು, ತಂದೆ ತಾಯಿ ಒಡಹುಟ್ಟಿದವರಿಗೆ ಹೊಟ್ಟೆ ಕ್ಯಾನ್ಸರ್ ಆದವರು, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಬೇಕಾದವರು ಮಾಡಿಸಬೇಕು. ಕಪ್ಪು ಮಲ, ರಕ್ತವಾಂತಿ, ಸುಮ್ಮನೆ ತೂಕ ಇಳಿಯುವುದು, ನುಂಗಲು ಕಷ್ಟ, ಇವುಗಳಿದ್ದರೆ ಕಷಾಯ ಕುಡಿದು ಕಾಯಬಾರದು, ಅವತ್ತೇ ಹೋಗಬೇಕು.

ಅವ್ವ ತಾನಾಗೇ ಕೇಳಿದಳು, ‘ನನಗೂ ಅದೇ ಉರಿ ಇಪ್ಪತ್ತು ವರ್ಷದಿಂದ ಇದೆ, ತೋರಿಸ್ತೀಯಾ?’ ಇಷ್ಟು ವರ್ಷ ಹೇಳಿರಲೇ ಇಲ್ಲ. ವಯಸ್ಸು 68 ಆದ್ದರಿಂದ ನೇರ ಎಂಡೋಸ್ಕೋಪಿ ಮಾಡಿದರು. ನಾನು ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಹುಣ್ಣು ಇರಲಿಲ್ಲ. ಪಟ್ಟಿ ಮಾತ್ರ ಐದೇ ನಿಮಿಷಕ್ಕೆ ಗುಲಾಬಿಯಾಯಿತು.

ಈಗ ಊರಲ್ಲಿದ್ದಾಳೆ. ಅವಳ ಕ್ಯಾಲೆಂಡರ್‌ಗೂ ಚುಕ್ಕಿ ಇಟ್ಟು ಬಂದಿದ್ದೇನೆ. ನಿನ್ನೆ ಆರನೇ ದಿನ. ಬಾಯೆಲ್ಲ ಕಹಿ ಎಂದಳು. ಬೆಲ್ಲದ ಚೂರು ಬಾಯಲ್ಲಿ ಇಟ್ಟುಕೋ ಎಂದೆ. ಇಟ್ಟುಕೊಂಡೇ ಮಾತಾಡ್ತಿದ್ದೀನಿ ಎಂದಳು. ಆಮೇಲೆ ಮೊಮ್ಮಗಳಿಗೆ ಫೋನ್ ಕೊಡು ಎಂದು, ಸಂಜೆಯ ಚುಕ್ಕಿಯನ್ನು ಅವಳು ‘ಹ್ಞೂಂ’ ಅಂದ ಮೇಲೆ ಅಳಿಸಿದಳು.